ಮೈ ಮುಂದೆ ಓಡಿದೆ, ವಯಸ್ಸಿನ್ನೂ ಒಂಬತ್ತೇ

ಪ್ರಶ್ನೆ: ಡಾಕ್ಟರ್, ನನ್ನ ಮಗಳಿಗೆ 9 ವರ್ಷ 10 ತಿಂಗಳು. ನಾಲ್ಕನೇ ಕ್ಲಾಸು. ಹೋದ ತಿಂಗಳು ದೊಡ್ಡವಳಾದಳು. ಏಳೂವರೆ ವರ್ಷಕ್ಕೇ ಎದೆ ಉಬ್ಬಿದ ಹಾಗೆ ಕಾಣುತ್ತಿತ್ತು. ಮಗು ದಪ್ಪ ಇದೆ, ಅದಕ್ಕೇ ಇರಬೇಕು ಅಂದುಕೊಂಡು ಸುಮ್ಮನಿದ್ದೆವು. ಈಗ ಮೊದಲಿನ ಹಾಗೆ ಆಡುವುದಿಲ್ಲ. ಸಣ್ಣ ಮಾತಿಗೂ ಅಳುತ್ತಾಳೆ. ನಮ್ಮತ್ತೆ ಛತ್ರ ಹಿಡಿದು ಆರತಿ ಮಾಡಬೇಕು ಅನ್ನುತ್ತಿದ್ದಾರೆ. ಅದನ್ನು ಕೇಳಿ ಅವಳು ಬಾಗಿಲು ಹಾಕಿಕೊಂಡು ಕೂತಳು. ದಿನಾ ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡುತ್ತಿದ್ದ ಅವರಪ್ಪ ಈಗ ‘ನೀನೇ ಬಿಟ್ಟು ಬಾ’ ಅನ್ನುತ್ತಾರೆ. ಬೇಗ ದೊಡ್ಡವರಾದ ಹೆಣ್ಣುಮಕ್ಕಳಿಗೆ ಮುಂದೆ ಡಿಪ್ರೆಶನ್ ಬರುತ್ತದೆ ಅಂತ ಮೊಬೈಲಿನಲ್ಲಿ ಓದಿದೆ. ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಅದು ನಿಜವಾ? ಇನ್ನೊಂದು ವಿಷಯ. ನಮ್ಮಕ್ಕನ ಮಗನಿಗೆ 14 ದಾಟಿದೆ. ಧ್ವನಿ ಒಡೆದಿಲ್ಲ, ಮೀಸೆಯೂ ಇಲ್ಲ. ಅವನೂ ಮಂಕಾಗಿದ್ದಾನೆ. ಹುಡುಗರಿಗೂ ಹೀಗೆ ಆಗುತ್ತದಾ?
— ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಮೊಬೈಲಿನಲ್ಲಿ ಬರುವ ಸುದ್ದಿಗೆ ಒಂದು ಚಟ ಇದೆ, ‘ಸ್ವಲ್ಪ’ ಅನ್ನುವ ಪದವನ್ನು ನುಂಗಿಬಿಡುತ್ತದೆ. ಬೇಗ ಮೈನೆರೆದ ಹುಡುಗಿಯರಲ್ಲಿ ಡಿಪ್ರೆಶನ್, ಆತಂಕ, ಸಣ್ಣಗಾಗಬೇಕು ಅಂತ ಊಟ ಬಿಡುವುದು, ಇಂಥವು ಉಳಿದವರಿಗಿಂತ ಸ್ವಲ್ಪ ಜಾಸ್ತಿ ಕಾಣುತ್ತವೆ. ಅಮೆರಿಕ, ಇಂಗ್ಲೆಂಡ್, ಸ್ವೀಡನ್, ನ್ಯೂಜಿಲೆಂಡ್‌ಗಳಲ್ಲಿ ಸಾವಿರಾರು ಮಕ್ಕಳ ಬೆನ್ನು ಹತ್ತಿ, ವರ್ಷಗಟ್ಟಲೆ ನೋಡಿ ಹೇಳಿದ ಮಾತು ಇದು. ಸಂಬಂಧ ಇದೆ, ಆದರೆ ಸಣ್ಣದು. ಬೇಗ ದೊಡ್ಡವರಾದವರಲ್ಲಿ ಹೆಚ್ಚಿನವರು ಆರಾಮಾಗಿಯೇ ಬೆಳೆಯುತ್ತಾರೆ. ಸರಿಯಾದ ವಯಸ್ಸಿಗೆ ದೊಡ್ಡವರಾದ ಎಷ್ಟೋ ಹುಡುಗಿಯರು ನನ್ನ ರೂಮಿಗೆ ಬಂದು ಅಳುತ್ತಾರೆ.

ಹಾಗಂತ ಸುಮ್ನೆ ಇದ್ದುಬಿಡಿ ಅಂತಲೂ ಹೇಳಲಾರೆ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಮೂರು ಸಾಲು. ಅವಳು ಆಡುವುದಿಲ್ಲ. ಬಾಗಿಲು ಹಾಕಿಕೊಂಡಳು. ಅಪ್ಪ ಸ್ಕೂಟರಿನಲ್ಲಿ ಬಿಡುತ್ತಿಲ್ಲ. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಮೈ ಕಡೆ ಒಮ್ಮೆ ನೋಡಿಬಿಡೋಣ.

ಹುಡುಗಿಯರಲ್ಲಿ 8ರಿಂದ 13ರ ಒಳಗೆ ಎದೆ ಮೂಡಲು ಶುರುವಾದರೆ ಅದು ಸಹಜ. ಮೊದಲ ಮುಟ್ಟು ಬರುವುದು ಅದಾಗಿ ಎರಡು, ಎರಡೂವರೆ ವರ್ಷಕ್ಕೆ. ನಮ್ಮಲ್ಲಿ ಲೆಕ್ಕ ಶುರುವಾಗುವುದೇ ಮುಟ್ಟಿನಿಂದ. ಹಾಗಾಗಿ ಅದಕ್ಕೂ ಎರಡು ವರ್ಷ ಮೊದಲೇ ಮಗುವಿನ ಮೈಯಲ್ಲಿ ಎದ್ದ ಗಲಾಟೆ ಯಾರ ಗಮನಕ್ಕೂ ಬರುವುದಿಲ್ಲ. ನಿಮ್ಮ ಮಗಳಿಗೆ ಏಳೂವರೆಗೆ ಶುರುವಾಗಿದೆ, 8ರ ಗೆರೆಗಿಂತ ತುಸು ಮೊದಲೇ. ದಪ್ಪ ಇರುವ ಮಗುವಿನಲ್ಲಿ ಅದು ಬರೀ ಕೊಬ್ಬೋ, ನಿಜವಾಗಿ ಎದೆ ಮೂಡುತ್ತಿದೆಯೋ ಅಂತ ಕಣ್ಣಿನಲ್ಲಿ ನೋಡಿ ಹೇಳುವುದು ಕಷ್ಟ. ಡಾಕ್ಟರಿಗೂ ಕೈಯಿಂದ ಮುಟ್ಟಿ ನೋಡದೆ ಗೊತ್ತಾಗುವುದಿಲ್ಲ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಆದರೆ ಹತ್ತು ತುಂಬುವ ಮೊದಲೇ ಮುಟ್ಟಾಗಿರುವುದರಿಂದ ಒಮ್ಮೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಹತ್ತಿರದಲ್ಲಿ ಇಲ್ಲದಿದ್ದರೆ ನಿಮ್ಮ ಮಕ್ಕಳ ಡಾಕ್ಟರೇ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದುಕೊಡುತ್ತಾರೆ. ಎಡಗೈಯ ಒಂದು ಎಕ್ಸ್‌-ರೇ ತೆಗೆಸುತ್ತಾರೆ. ಬೆರಳು, ಮಣಿಕಟ್ಟಿನ ಮೂಳೆ ನೋಡಿ ಮೂಳೆಗೆ ಎಷ್ಟು ವಯಸ್ಸಾಗಿದೆ ಅಂತ ಲೆಕ್ಕ ಹಾಕುತ್ತಾರೆ. ಒಂಬತ್ತರ ಮಗುವಿಗೆ ಹನ್ನೆರಡರ ಮೂಳೆ ಇರುವುದುಂಟು. ರಕ್ತ ಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಈ ವಯಸ್ಸಿನ ಹುಡುಗಿಯರಲ್ಲಿ ಹೆಚ್ಚಿನ ಸಲ ಯಾವ ಕಾಯಿಲೆಯೂ ಸಿಗುವುದಿಲ್ಲ. ತೀರಾ ಬೇಗ ಶುರುವಾದ ಮಕ್ಕಳಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಕೊಟ್ಟು ಬೆಳವಣಿಗೆಗೆ ಬ್ರೇಕ್ ಹಾಕುತ್ತಾರೆ. ಮುಟ್ಟು ಶುರುವಾದ ಮೇಲೆ ಎತ್ತರಕ್ಕೆ ಅದರಿಂದ ಆಗುವ ಲಾಭ ಕಡಿಮೆ. ಬೇಕೋ ಬೇಡವೋ ಅವರೇ ನೋಡಿ ಹೇಳಲಿ. ಆದರೆ ‘ಮುಂದೆ ಡಿಪ್ರೆಶನ್ ಬರಬಾರದು, ಅದಕ್ಕೆ ಇಂಜೆಕ್ಷನ್ ಕೊಡಿ’ ಅಂತ ಮಾತ್ರ ಕೇಳಬೇಡಿ. ಆ ಕೆಲಸಕ್ಕೆ ಇರುವ ಔಷಧ ಅದಲ್ಲ.

ನೀವು ಬರೆದಿಲ್ಲ, ಆದರೂ ನಿಮ್ಮ ಬೀದಿಯಲ್ಲಿ ಯಾರೋ ಈಗಾಗಲೇ ಹೇಳಿರುತ್ತಾರೆ: ಬ್ರಾಯ್ಲರ್ ಕೋಳಿ ತಿನ್ನಿಸಿದಿರಿ, ಇಂಜೆಕ್ಷನ್ ಕೊಟ್ಟ ಹಸುವಿನ ಹಾಲು ಕುಡಿಸಿದಿರಿ, ಅದಕ್ಕೇ ಹೀಗಾಯಿತು. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಅಷ್ಟು ದಪ್ಪ ಆಗುವುದು ತಳಿಯಿಂದ ಮತ್ತು ಮೇವಿನಿಂದ, ಹಾರ್ಮೋನ್ ಇಂಜೆಕ್ಷನ್ನಿನಿಂದ ಅಲ್ಲ. ಹಸುವಿಗೆ ಹಾಲು ಇಳಿಸಲು ಕೊಡುವ ಆಕ್ಸಿಟೋಸಿನ್ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಅದು ಹಸುವಿಗೆ ಮಾಡುವ ಹಿಂಸೆ ನಿಜ, ನಿಮ್ಮ ಮಗಳ ಮುಟ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಮಕ್ಕಳು ಬೇಗ ಬೇಗ ದೊಡ್ಡವರಾಗುತ್ತಿರುವುದು ನಮ್ಮೂರಿನ ಕಥೆ ಮಾತ್ರ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1990ರ ದಶಕದ ಶುರುವಿನಲ್ಲಿ ಹುಡುಗಿಯರಿಗೆ ಎದೆ ಮೂಡುತ್ತಿದ್ದ ಸರಾಸರಿ ವಯಸ್ಸು 10.88 ವರ್ಷ. 2006–08ರಲ್ಲಿ ಮತ್ತೆ ನೋಡಿದಾಗ ಅದು 9.86. ಹದಿನೈದು ವರ್ಷದಲ್ಲಿ ಒಂದು ವರ್ಷವೇ ಹಿಂದೆ ಸರಿದಿತ್ತು! ಇನ್ನೊಂದು ನನಗೆ ಬಹಳ ಕುತೂಹಲದ ಲೆಕ್ಕ. ಇಲ್ಲಿಂದ ಸ್ವೀಡನ್ನಿಗೆ ದತ್ತು ಹೋದ ನಮ್ಮ ದೇಶದ ಹುಡುಗಿಯರನ್ನು ಅಲ್ಲಿನ ಡಾಕ್ಟರುಗಳು ಗಮನಿಸಿ 1991ರಲ್ಲಿ ಬರೆದರು. ಅವರು ಸುಮಾರು 11.6 ವರ್ಷಕ್ಕೇ ಮುಟ್ಟಾಗಿದ್ದರು. ಇಲ್ಲೇ ಬೆಳೆದವರಿಗೆ 13 ದಾಟಿದ ಮೇಲೆ ಆಗುತ್ತಿದ್ದ ಕಾಲ ಅದು. ಎಳವೆಯಲ್ಲಿ ಹೊಟ್ಟೆಗಿಲ್ಲದೆ ಇದ್ದು, ಆಮೇಲೆ ಒಮ್ಮೆಲೇ ಚೆನ್ನಾಗಿ ಉಂಡು ಮೈ ತುಂಬಿಕೊಂಡರೆ ಒಳಗಿನ ಗಡಿಯಾರ ಬೇಗ ಓಡುತ್ತದೆ ಅಂತ ಅವರಿಗೆ ಅನಿಸಿತು. ಇದರ ಜೊತೆಗೆ ರಕ್ತದಲ್ಲಿ ಬಂದದ್ದೂ ಇದೆ. ಅರ್ಧದಷ್ಟು ಅಥವಾ ಇನ್ನೂ ಜಾಸ್ತಿ ಪಾಲು ಅದರದೇ. ನಿಮಗೆ ಎಷ್ಟಕ್ಕೆ ಆಯಿತು, ನಿಮ್ಮಮ್ಮನಿಗೆ ಎಷ್ಟಕ್ಕೆ ಆಯಿತು ಅಂತ ಕೇಳಿ ನೋಡಿ. ಕೊರೋನಾ ಲಾಕ್‌ಡೌನ್ ಹೊತ್ತಿನಲ್ಲಿ ಇಟಲಿಯಲ್ಲೂ ನಮ್ಮ ಪುಣೆಯಲ್ಲೂ ಇಂಥ ಮಕ್ಕಳು ಆಸ್ಪತ್ರೆಗೆ ಬರುವುದು ಜಾಸ್ತಿಯಾಗಿತ್ತು.

ಈಗ ಮನಸ್ಸಿನ ಕಡೆಗೆ.

ಮೈನೆರೆಯುವ ಆಟ ಶುರುವಾಗುವುದು ಮಿದುಳಿನಲ್ಲಿ. ಅಲ್ಲಿ ಕಿಸ್‌ಪೆಪ್ಟಿನ್ ಅಂತ ಒಂದು ಪುಟ್ಟ ಪ್ರೋಟೀನು ಸ್ವಿಚ್ ಒತ್ತುತ್ತದೆ. (ಅಮೆರಿಕದ ಹರ್ಷಿ ಊರಿನಲ್ಲಿ ಅದರ ಜೀನ್ ಸಿಕ್ಕಿತು. ಆ ಊರಿನ ‘ಕಿಸಸ್’ ಚಾಕೊಲೇಟಿನ ಹೆಸರನ್ನೇ ಇಟ್ಟುಬಿಟ್ಟರು. ವಿಜ್ಞಾನಿಗಳಿಗೂ ಬಾಯಿಚಪಲ ಇರುತ್ತದೆ.) ಹತ್ತು ವರ್ಷ ಮಲಗಿದ್ದ ಹಾರ್ಮೋನುಗಳು ಮೊದಲು ರಾತ್ರಿ ನಿದ್ದೆಯಲ್ಲಿ, ಆಮೇಲೆ ಹಗಲೂ ಮಿಡಿಯಲು ಶುರುಮಾಡುತ್ತವೆ. ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್ ಬರೀ ಎದೆ, ಗರ್ಭಕೋಶಕ್ಕೆ ಹೋಗಿ ಸುಮ್ಮನಾಗುವುದಿಲ್ಲ. ಮಿದುಳಿನಲ್ಲಿ ಸಿಟ್ಟು, ಭಯ, ನಾಚಿಕೆ, ‘ನನ್ನನ್ನು ಯಾರು ನೋಡುತ್ತಿದ್ದಾರೆ’ ಅನ್ನುವ ಎಚ್ಚರ ಹುಟ್ಟುವ ಜಾಗಗಳನ್ನೂ ಎಬ್ಬಿಸುತ್ತದೆ. ಇವನ್ನೆಲ್ಲ ಹಿಡಿದು ನಿಲ್ಲಿಸುವ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಮುಟ್ಟು ಹದಿಮೂರಕ್ಕೆ ಬಂದರೂ ಈ ಎರಡರ ನಡುವೆ ಅಂತರ ಇದ್ದೇ ಇರುತ್ತದೆ. ಒಂಬತ್ತಕ್ಕೆ ಬಂದರೆ ಅಂತರ ಇನ್ನೂ ದೊಡ್ಡದು.

ಚಿಕ್ಕ ಮಕ್ಕಳಲ್ಲಿ ಡಿಪ್ರೆಶನ್ ಹುಡುಗ ಹುಡುಗಿ ಅಂತ ದೊಡ್ಡ ಭೇದ ಮಾಡುವುದಿಲ್ಲ. ಹದಿವಯಸ್ಸು ಕಳೆಯುವ ಹೊತ್ತಿಗೆ ಹುಡುಗಿಯರಲ್ಲಿ ಎರಡರಷ್ಟಾಗಿರುತ್ತದೆ. ಈ ಏರಿಕೆ ವಯಸ್ಸಿನಿಂದಲೋ, ಮೈಯ ಬದಲಾವಣೆಯಿಂದಲೋ? ಅಮೆರಿಕದ ಉತ್ತರ ಕೆರೊಲಿನಾದ ಗ್ರೇಟ್ ಸ್ಮೋಕಿ ಬೆಟ್ಟದ ಸೀಮೆಯಲ್ಲಿ ಆಡ್ರಿಯನ್ ಆಂಗಲ್ಡ್ ಮತ್ತು ಜೇನ್ ಕಾಸ್ಟೆಲೊ ಇದನ್ನೇ ಬಿಡಿಸಿ ನೋಡಿ 1998ರಲ್ಲಿ ಬರೆದರು. ಅವರು ಮಕ್ಕಳ ಹುಟ್ಟಿದ ತಾರೀಖಿನ ಜೊತೆ ಮೈ ಎಷ್ಟು ಬೆಳೆದಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡರು. ಐದು ಹಂತದ ಒಂದು ಅಳತೆ ಇದೆ, ಇಂಗ್ಲೆಂಡಿನ ಜೇಮ್ಸ್ ಟ್ಯಾನರ್ ಹೆಸರಿನದು. ಅದರ ಮೂರನೇ ಹಂತ ತಲುಪಿದ ಮೇಲೆ ಹುಡುಗಿಯರಲ್ಲಿ ಡಿಪ್ರೆಶನ್ ಏರಿತ್ತು. ಆಗ ವಯಸ್ಸು ಎಷ್ಟು ಅನ್ನುವುದು ಅಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಅಂದರೆ ಹಾರ್ಮೋನಿನ ಪಾಲು ಇದೆ. ‘ಎಲ್ಲ ಮನಸ್ಸಿನ ಭ್ರಮೆ, ಗಟ್ಟಿಯಾಗಿರು’ ಅಂತ ಮಗಳಿಗೆ ಹೇಳುವುದು ಬೇಡ. ಅವಳು ಬೇಕಂತ ಅಳುತ್ತಿಲ್ಲ.

ದೊಡ್ಡವರಾದ ಮೇಲೂ ಇದು ಉಳಿಯುತ್ತದಾ? ನಿಮ್ಮ ಅಸಲಿ ಪ್ರಶ್ನೆ ಇದು, ಅಲ್ವಾ? ಇಲ್ಲಿ ಎರಡು ದೊಡ್ಡ ಅಧ್ಯಯನಗಳು ಬೇರೆ ಬೇರೆ ದಿಕ್ಕು ತೋರಿಸುತ್ತವೆ. ಅಮೆರಿಕದಲ್ಲಿ ಜೇನ್ ಮೆಂಡಲ್ ಮತ್ತು ಜೊತೆಯವರು ಸುಮಾರು 7,800 ಹೆಣ್ಣುಮಕ್ಕಳನ್ನು ಹದಿವಯಸ್ಸಿನಿಂದ 28ರ ಆಸುಪಾಸಿನವರೆಗೆ ನೋಡಿ 2018ರಲ್ಲಿ ಬರೆದರು. ಬೇಗ ಮುಟ್ಟಾದವರಲ್ಲಿ ಆಗ ಕಂಡ ಖಿನ್ನತೆಯ ಅಂತರ 28ಕ್ಕೂ ಮಾಯವಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1990ರ ದಶಕದಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ಅಲ್ಲಿ 14ರ ಹೊತ್ತಿಗೆ ಅಂತರ ಚೆನ್ನಾಗಿ ಕಾಣುತ್ತದೆ, ಆಮೇಲೆ ಮಸುಕಾಗುತ್ತದೆ. ಉಳಿದವರೂ ದೊಡ್ಡವರಾಗಿ ಜೊತೆ ಸೇರಿಕೊಳ್ಳುತ್ತಾರಲ್ಲ!

ನಾನು ಈ ಎರಡನ್ನೂ ಹೀಗೆ ಓದುತ್ತೇನೆ. ಹನ್ನೊಂದು ಹನ್ನೆರಡಕ್ಕೆ ಬಂದ ಬೇಸರವನ್ನು ಯಾರೂ ಗಮನಿಸದೆ, ಅದು ಅಲ್ಲೇ ಬೇರು ಬಿಟ್ಟರೆ ಇಪ್ಪತ್ತೆಂಟಕ್ಕೂ ಜೊತೆಗೆ ಬರುತ್ತದೆ. ಒಮ್ಮೆ ಡಿಪ್ರೆಶನ್ ಆದವರಿಗೆ ಮತ್ತೆ ಆಗುವುದು ಸುಲಭ. ಹಾಗಾಗಿ ಮುಟ್ಟಿನ ತಾರೀಖಿಗಿಂತ ಅದರ ಮುಂದಿನ ಮೂರು ನಾಲ್ಕು ವರ್ಷ ಮುಖ್ಯ. ತಾರೀಖು ನಿಮ್ಮ ಕೈಯಲ್ಲಿ ಇರಲಿಲ್ಲ. ಮುಂದಿನ ವರ್ಷಗಳು ಸುಮಾರು ಮಟ್ಟಿಗೆ ಇವೆ.

ಹೋದ ವರ್ಷದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತೇನೆ. ಬಯಲುಸೀಮೆಯ ಊರು, ಏಪ್ರಿಲ್ ತಿಂಗಳು, ಫ್ಯಾನ್ ಗಾಳಿಯೂ ಬಿಸಿ. ಹತ್ತು ವರ್ಷದ ಹುಡುಗಿ ಮೆರೂನ್ ಬಣ್ಣದ ಸ್ವೆಟರ್ ಹಾಕಿಕೊಂಡು ಬಂದು ಕೂತಳು. ಮೂಗಿನ ಮೇಲೆ ಬೆವರಿನ ಹನಿ. ಸ್ಕೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ತಾಯಿ ಹೇಳಿದರು, ‘ಮಲಗುವಾಗ ಬಿಟ್ಟು ಇನ್ಯಾವಾಗಲೂ ಸ್ವೆಟರ್ ಬಿಚ್ಚಲ್ಲ ಡಾಕ್ಟ್ರೇ, ಹುಚ್ಚಾ ಇದು?’ ತಾಯಿಯನ್ನು ಹೊರಗೆ ಕೂರಿಸಿ ಬೇರೇನೋ ಮಾತಾಡಿಸಿದೆ. ಖೋ-ಖೋದಲ್ಲಿ ಅವಳ ಕಾಲಿಗೆ ಯಾರೂ ಸಾಟಿ ಇರಲಿಲ್ಲವಂತೆ. ತಾಲ್ಲೂಕು ಮಟ್ಟಕ್ಕೂ ಹೋಗಿದ್ದಳು. ಈಗ ಯಾಕೆ ಆಡಲ್ಲ ಅಂದೆ. ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ಕೂತಳು. ಆಮೇಲೆ ‘ಓಡಿದ್ರೆ ನೋಡ್ತಾರೆ’ ಅಂದಳು. ಅಷ್ಟೇ.

ಆ ಸ್ವೆಟರ್ ಹುಚ್ಚಲ್ಲ. ಅವಳಿಗೆ ಗೊತ್ತಿದ್ದ ಒಂದೇ ಉಪಾಯ ಅದು. ಅವಳಿಗೆ ಔಷಧ ಕೊಡಲಿಲ್ಲ. ಓಡಲು ಆಗುವಂಥ ಸರಿಯಾದ ಒಳಉಡುಪು, ಪಿಟಿ ಮೇಷ್ಟ್ರ ಜೊತೆ ತಾಯಿಯ ಒಂದು ಮಾತು, ನನ್ನ ಜೊತೆ ಏಳೆಂಟು ಸಲ ಹರಟೆ. ಸ್ವೆಟರ್ ಹೋಗಲು ಮೂರು ತಿಂಗಳು ಹಿಡಿಯಿತು. ಒಂಬತ್ತು ಹತ್ತರ ಮಗುವಿಗೆ ಒಳಉಡುಪು ತರುವುದಕ್ಕೆ ನಮ್ಮ ತಾಯಂದಿರು ಎಷ್ಟು ಹಿಂದೆಮುಂದೆ ನೋಡುತ್ತಾರೆ ಅಂತ ಹೇಳಿದರೆ ನಂಬಲಾರಿರಿ. ಕೊಡಿಸಿದರೆ ಎಲ್ಲಿ ಇನ್ನೂ ಬೇಗ ದೊಡ್ಡವಳಾಗಿಬಿಡುತ್ತಾಳೋ ಅನ್ನುವ ಹಾಗೆ.

ಬೇಗ ಬೆಳೆದ ಹುಡುಗಿಯ ಕಷ್ಟ ಇಲ್ಲಿದೆ. ಕ್ಲಾಸಿನಲ್ಲಿ ಮಾತಾಡಿಕೊಳ್ಳಲು ಅವಳ ಹಾಗಿನವರು ಯಾರೂ ಇಲ್ಲ. ದೊಡ್ಡವರು ಅವಳನ್ನು ನೋಡಿ ವಯಸ್ಸು ತಪ್ಪಾಗಿ ಅಂದಾಜು ಮಾಡುತ್ತಾರೆ. ಒಂಬತ್ತರ ಮಗುವಿನ ಹತ್ತಿರ ಹದಿಮೂರರ ಬುದ್ಧಿ ಕೇಳುತ್ತಾರೆ. ಮೇಲಿನ ಕ್ಲಾಸಿನ ಹುಡುಗರ ಕಣ್ಣು ಬೀಳುತ್ತದೆ. ಕೆಲವು ಸಲ ಕಣ್ಣಷ್ಟೇ ಅಲ್ಲ.

ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಡೇವಿಡ್ ಮಾಗ್ನುಸನ್ ಒಂದೇ ಊರಿನ ಹುಡುಗಿಯರನ್ನು ಶಾಲೆಯಿಂದ ಇಪ್ಪತ್ತೈದರವರೆಗೆ ನೋಡಿದ್ದರು. ಬೇಗ ಬೆಳೆದವರು ಹದಿನಾಲ್ಕಕ್ಕೇ ಕುಡಿಯುವುದು, ಸ್ಕೂಲು ತಪ್ಪಿಸುವುದು ಜಾಸ್ತಿ ಇತ್ತು. ಯಾಕೆ ಅಂತ ಕೆದಕಿದರೆ ಸ್ನೇಹಿತರು ಸಿಕ್ಕರು: ತಮಗಿಂತ ದೊಡ್ಡ ವಯಸ್ಸಿನ ಸ್ನೇಹಿತರು ಇದ್ದವರಲ್ಲೇ ಇದು ಎದ್ದು ಕಾಣುತ್ತಿತ್ತು. ಕುಡಿತದ ಅಂತರ ಆಮೇಲೆ ಹೋಯಿತು. ಓದಿನ ಅಂತರ ಹೋಗಲಿಲ್ಲ. ಬೇಗ ಬೆಳೆದವರಲ್ಲಿ ಮುಂದಕ್ಕೆ ಓದಿದವರು ಕಡಿಮೆ. ಸ್ವೀಡನ್ನಿನಲ್ಲೇ ಹೀಗಾದರೆ ನಮ್ಮಲ್ಲಿ? ‘ದೊಡ್ಡವಳಾದಳು’ ಅನ್ನುವ ಮಾತಿನ ಬೆನ್ನಿಗೇ ‘ಇನ್ನೆಷ್ಟು ದಿನ ಸ್ಕೂಲು’ ಅನ್ನುವ ಮಾತು ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ನಮ್ಮ ರಾಜ್ಯದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಸುಮಾರು 5ಕ್ಕೆ ಒಬ್ಬರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರ ಮಕ್ಕಳ ಅಧ್ಯಯನದಿಂದ ಇನ್ನೆರಡು ಮಾತು ಸಿಗುತ್ತದೆ. ಒಂದು, ಬೇಗ ಮುಟ್ಟಾಗುವುದು ಹೊಸ ಸ್ವಭಾವ ತಂದು ಹಾಕುವುದಕ್ಕಿಂತ ಮೊದಲೇ ಇದ್ದ ತೊಂದರೆಗೆ ದನಿ ಏರಿಸುತ್ತದೆ. ಮೊದಲಿಂದ ನೆಮ್ಮದಿಯಾಗಿದ್ದ ಮಗು ಹೆಚ್ಚೂಕಮ್ಮಿ ದಾಟಿಕೊಂಡು ಹೋಗುತ್ತದೆ. ಎರಡು, ಹುಡುಗ ಹುಡುಗಿಯರು ಒಟ್ಟಿಗೆ ಇರುವ ಸ್ಕೂಲಿನಲ್ಲಿ ಬೇಗ ಬೆಳೆದವರು ದಾರಿ ತಪ್ಪಿದ್ದು ಕಾಣುತ್ತದೆ, ಹುಡುಗಿಯರದೇ ಸ್ಕೂಲಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ತಕ್ಷಣ ಟಿಸಿ ತೆಗೆಸಲು ಓಡಬೇಡಿ! ಒಂದೇ ಹಾರ್ಮೋನು, ಎರಡು ಸ್ಕೂಲು, ಎರಡು ಫಲ. ನಾನು ಹೇಳಬೇಕಿದ್ದು ಅಷ್ಟೇ.

ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳಬೇಕು. ಕೆಲವು ಮಕ್ಕಳಲ್ಲಿ ಬೇಗ ಬೆಳೆಯುವುದು ಮತ್ತು ಮಂಕಾಗುವುದು ಎರಡಕ್ಕೂ ಬೇರು ಒಂದೇ: ಮನೆಯಲ್ಲಿ ವರ್ಷಗಟ್ಟಲೆ ಜಗಳ, ಹೊಡೆತ, ಅಥವಾ ಯಾರೋ ಮೈಮುಟ್ಟಿ ಹಿಂಸೆ ಕೊಟ್ಟಿರುವುದು. ಅಂಥ ಹಿಂಸೆ ಅನುಭವಿಸಿದ ಹುಡುಗಿಯರು ಉಳಿದವರಿಗಿಂತ ತಿಂಗಳುಗಟ್ಟಲೆ ಮೊದಲೇ ಬೆಳೆದದ್ದನ್ನು ಅಮೆರಿಕದಲ್ಲಿ ಕಂಡಿದ್ದಾರೆ. ಬೇಗ ಬೆಳೆದ ಎಲ್ಲರಿಗೂ ಹೀಗಾಗಿರುತ್ತದೆ ಅಂತ ಖಂಡಿತ ಅರ್ಥ ಅಲ್ಲ. ಆದರೆ ‘ಯಾರಾದರೂ ನಿನಗೆ ಇಷ್ಟ ಇಲ್ಲದ ಹಾಗೆ ಮುಟ್ಟಿದ್ದಾರಾ, ನೋಡಿದ್ದಾರಾ, ಫೋನಿನಲ್ಲಿ ಏನಾದರೂ ತೋರಿಸಿದ್ದಾರಾ? ಹೇಳು, ನಾನು ಬೈಯಲ್ಲ’ ಅಂತ ಒಮ್ಮೆ ಕೇಳಿ. ಪಾತ್ರೆ ತೊಳೆಯುತ್ತಲೋ ತಲೆ ಬಾಚುತ್ತಲೋ ಕೇಳಿ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಬಿಡುವುದಿಲ್ಲ. ಹೌದು ಅಂದರೆ ಅವಳ ಮಾತನ್ನು ನಂಬಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ಆರತಿ ಬಗ್ಗೆ. ನಾನು ಆರತಿಯ ವಿರೋಧಿ ಅಲ್ಲ. ಸೋದರಮಾವ ಸೊಪ್ಪು ತಂದು ಗುಡ್ಲು ಹಾಕುವುದು, ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ, ಹೊಸ ಲಂಗ, ಸುತ್ತ ಕೂತು ಹಾಡುವ ಹೆಂಗಸರು. ಇದರಲ್ಲಿ ಒಂದು ಅಕ್ಕರೆ ಇತ್ತು. ‘ನಾಚಿಕೆ ಪಡುವಂಥದ್ದು ಏನೂ ಆಗಿಲ್ಲ, ನಮಗೆಲ್ಲ ಆದದ್ದೇ ನಿನಗೂ ಆಯಿತು’ ಅಂತ ಊರೇ ಹೇಳುತ್ತಿತ್ತು. ಇದನ್ನು ಖುಷಿಯಿಂದ ಮಾಡಿಸಿಕೊಂಡ ಹುಡುಗಿಯರನ್ನೂ ನೋಡಿದ್ದೇನೆ. ಆದರೆ ಅವರಿಗೆ ಹದಿಮೂರು, ಹದಿನಾಲ್ಕು. ಜೊತೆಗೆ ಕೂರುವ ಗೆಳತಿಯರಿಗೂ ಆಗಿರುತ್ತಿತ್ತು. ನಿಮ್ಮ ಮಗಳ ಗೆಳತಿಯರು ಇನ್ನೂ ಗೊಂಬೆ ಆಡುತ್ತಿದ್ದಾರೆ. ಛತ್ರ, ಫ್ಲೆಕ್ಸ್, ಮುನ್ನೂರು ಜನ, ಸಂಜೆಯೊಳಗೆ ಎಲ್ಲರ ವಾಟ್ಸಾಪ್ ಸ್ಟೇಟಸ್. ಸೋಮವಾರ ನಾಲ್ಕನೇ ಕ್ಲಾಸಿಗೆ ಅವಳು ಹೇಗೆ ಹೋಗಬೇಕು?

ಅತ್ತೆಯವರ ಹತ್ತಿರ ಜಗಳ ಬೇಡ. ಡಾಕ್ಟರು ಬೇಡ ಅಂದಿದ್ದಾರೆ ಅಂತ ನನ್ನ ಮೇಲೆ ಹಾಕಿ. ಅವಳು ಒಪ್ಪಿದರೆ ಮನೆಯೊಳಗೆ ಅಜ್ಜಿಯೇ ಎಣ್ಣೆ ಇಟ್ಟು ನೀರು ಹಾಕಲಿ, ಚಿಗಳಿ ಕುಟ್ಟಿ ಕೊಡಲಿ. ಫೋಟೋ ಬೇಡ. ಅವಳು ಬೇಡ ಅಂದರೆ ಚಿಗಳಿ ಮಾತ್ರ ಸಾಕು. ಹೊರಗೆ ಕೂರಿಸುವ ಪದ್ಧತಿ ಮನೆಯಲ್ಲಿ ಇದ್ದರೆ ಅದನ್ನು ಈ ಮಗುವಿಗೆ ಹಚ್ಚಬೇಡಿ. ರಾತ್ರಿ ಒಬ್ಬಳೇ ಬೇರೆ ಚಾಪೆಯಲ್ಲಿ ಮಲಗಿಸಿದರೆ ಒಂಬತ್ತರ ಮಗುವಿಗೆ ಅರ್ಥವಾಗುವುದು ‘ನಾನು ಏನೋ ತಪ್ಪು ಮಾಡಿದ್ದೇನೆ’ ಅಂತ ಮಾತ್ರ.

ಸ್ಕೂಲಿನಲ್ಲಿ ಒಬ್ಬ ಟೀಚರಿಗೆ ವಿಷಯ ಗೊತ್ತಿರಲಿ. ಎಲ್ಲರಿಗೂ ಬೇಡ. ಬ್ಯಾಗಿನಲ್ಲಿ ಒಂದು ಪುಟ್ಟ ಪೌಚ್, ಎರಡು ಪ್ಯಾಡ್, ಒಂದು ಚಡ್ಡಿ, ಹಳೇ ಪೇಪರ್. ಬಾತ್‌ರೂಮಿನ ಚಿಲಕ ಗಟ್ಟಿ ಇದೆಯಾ ಅಂತ ನೀವೇ ಹೋಗಿ ನೋಡಿ. ಪ್ಯಾಡ್ ಬದಲಿಸುವುದನ್ನು ಮನೆಯಲ್ಲಿ ನಾಲ್ಕು ಸಲ ಮಾಡಿ ತೋರಿಸಿ. ಮೊದಲ ಎರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಹಜ. ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕಡಿಮೆಯಾದ ಮಗು ಸುಸ್ತಾಗಿ, ಸಿಡುಕುತ್ತಾ, ಮೂಲೆ ಹಿಡಿದಿರುತ್ತದೆ. ಅದನ್ನೇ ಡಿಪ್ರೆಶನ್ ಅಂದುಕೊಂಡು ನನ್ನ ಹತ್ತಿರ ಕರೆತಂದವರೂ ಇದ್ದಾರೆ. ಸರ್ಕಾರಿ ಶಾಲೆಯಾದರೆ 5ನೇ ಕ್ಲಾಸಿನವರೆಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ, 6ರಿಂದ ನೀಲಿ. ಅದನ್ನು ನುಂಗುತ್ತಾಳಾ, ಕಿಟಕಿಯಿಂದ ಎಸೆಯುತ್ತಾಳಾ ಕೇಳಿ.

ಯಾವಾಗ ನಮ್ಮಂಥ ಮನಸ್ಸಿನ ಡಾಕ್ಟರ ಹತ್ತಿರ ಬರಬೇಕು? ಮುಟ್ಟಿನ ಹಿಂದಿನ ದಿನ ಅತ್ತು ಮಾರನೇ ದಿನ ನಗುವುದಕ್ಕೆ ಬರಬೇಕಿಲ್ಲ. ಎರಡು ವಾರಕ್ಕೂ ಮೀರಿ ಹೆಚ್ಚಿನ ದಿನ ಮಂಕಾಗಿದ್ದರೆ, ಇಷ್ಟದ ತಿಂಡಿ ಇಷ್ಟದ ಆಟ ಯಾವುದೂ ಬೇಡವಾದರೆ, ನಿದ್ದೆ ಕೆಟ್ಟರೆ, ಬೆಳಿಗ್ಗೆ ಸ್ಕೂಲಿನ ಹೊತ್ತಿಗೇ ಹೊಟ್ಟೆನೋವು ಬರುತ್ತಿದ್ದರೆ ತಡ ಮಾಡಬೇಡಿ. ‘ನಾನು ಇರಬಾರದಿತ್ತು’ ಅನ್ನುವಂಥ ಮಾತು ಬಂದರೆ, ಕೈ ಗೀರಿಕೊಂಡದ್ದು ಕಂಡರೆ ಅವತ್ತೇ ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವು ಬರೆದಷ್ಟರಿಂದ ನಿಮ್ಮ ಮಗಳಿಗೆ ಡಿಪ್ರೆಶನ್ ಅಂತ ನಾನು ಹೇಳುವುದಿಲ್ಲ. ಒಂದು ತಿಂಗಳ ಹಿಂದೆ ಅವಳ ಲೋಕ ತಲೆಕೆಳಗಾಗಿದೆ. ಅಳದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು.

ನಿಮ್ಮಕ್ಕನ ಮಗನ ವಿಷಯ ಬೇಗ ಮುಗಿಸುತ್ತೇನೆ. ಹುಡುಗರಲ್ಲಿ 9ರಿಂದ 14ರ ಒಳಗೆ ಶುರುವಾಗಬೇಕು. ಮೀಸೆ, ಧ್ವನಿ ಎಲ್ಲ ಆಮೇಲೆ. ಮೊದಲು ದೊಡ್ಡದಾಗುವುದು ವೃಷಣ, ಅದನ್ನು ಮನೆಯವರು ನೋಡಿರುವುದಿಲ್ಲ. ಹಾರ್ಮೋನ್ ಡಾಕ್ಟರ ಹತ್ತಿರ ಮಣಿಸರದ ಹಾಗೆ ಒಂದು ಸಾಧನ ಇರುತ್ತದೆ. 1 ಮಿಲಿ ಲೀಟರಿನಿಂದ 25ರವರೆಗೆ 12 ಮಣಿ. ಯಾವ ಮಣಿಗೆ ಸರಿಹೊಂದುತ್ತದೆ ಅಂತ ಕೈಯಲ್ಲೇ ಹೋಲಿಸಿ ನೋಡುತ್ತಾರೆ. 4ಕ್ಕೆ ಮುಟ್ಟಿದ್ದರೆ ಗಾಡಿ ಹೊರಟಿದೆ ಅಂತ ಅರ್ಥ. 14 ದಾಟಿರುವುದರಿಂದ ತೋರಿಸಿಬಿಡಲಿ. ನಿಮ್ಮ ಭಾವನನ್ನೂ ಕೇಳಿ, ಪಿಯುಸಿಗೆ ಬಂದ ಮೇಲೆ ಎತ್ತರ ಆದವರಾ ಅಂತ. ಆಗಿದ್ದರೆ ಮಗನೂ ಅದೇ ಬಸ್ಸಿಗೆ ಕಾಯುತ್ತಿರುವ ಸಂಭವ ಜಾಸ್ತಿ. ತೀರಾ ನೊಂದಿದ್ದರೆ ಕೆಲವು ತಿಂಗಳು ಕಡಿಮೆ ಪ್ರಮಾಣದ ಟೆಸ್ಟೋಸ್ಟೆರಾನ್ (ಗಂಡಿನ ಹಾರ್ಮೋನು) ಕೊಟ್ಟು ತಳ್ಳಿ ಸ್ಟಾರ್ಟ್ ಮಾಡುವುದೂ ಇದೆ.

ಹುಡುಗರ ಲೆಕ್ಕ ತುಸು ಬೇರೆ. ಬೇಗ ಬೆಳೆದ ಹುಡುಗರಿಗೂ ಬೀಡಿ ಸಿಗರೇಟು, ಖಿನ್ನತೆ ಸ್ವಲ್ಪ ಜಾಸ್ತಿ ಅಂತ ಈಚಿನವರು ಹೇಳುತ್ತಾರೆ. ಆದರೆ ಕ್ಲಾಸಿನ ಕೊನೆಯ ‘ಚಿಕ್ಕ ಹುಡುಗ’ನಾಗಿ ಉಳಿಯುವುದು ಬೇರೆಯೇ ಅವಮಾನ. ಕ್ಯಾಲಿಫೋರ್ನಿಯಾದಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಮನೋವಿಜ್ಞಾನಿ ಇಂಥ ಹುಡುಗರ ಬಗ್ಗೆ 1950ರಲ್ಲೇ ಬರೆದಿದ್ದರು. ಇನ್ನೂ ಮಕ್ಕಳಾಟ ಆಡುತ್ತಾರೆ, ಗಮನ ಸೆಳೆಯಲು ಹೆಣಗುತ್ತಾರೆ ಅಂತ ನೋಡುವವರಿಗೆ ಅನಿಸುತ್ತಿತ್ತು. ಅವರೇ ಮೂವತ್ತು ದಾಟಿದ ಮೇಲೆ ಮತ್ತೆ ಹುಡುಕಿ ನೋಡಿದಾಗ ಎತ್ತರದ ಅಂತರ ಹೆಚ್ಚೂಕಮ್ಮಿ ಹೋಗಿತ್ತು. ಕೆಲವು ವಿಷಯದಲ್ಲಿ ತಡವಾಗಿ ಬೆಳೆದವರೇ ಹೊಂದಿಕೊಂಡು ಹೋಗುವವರಾಗಿದ್ದರು. ನಾನೂ ತಡದ ಗಿರಾಕಿಯೇ. ಹದಿನೈದೂವರೆಯಾದರೂ ನನಗೆ ಮುಟ್ಟು ಆಗಿರಲಿಲ್ಲ. ಯಾವ ಮದುವೆಗೆ ಹೋದರೂ ಯಾರಾದರೂ ಅಮ್ಮನ ಕಿವಿಯಲ್ಲಿ ‘ಇನ್ನೂ ಇಲ್ವಾ?’ ಅನ್ನುತ್ತಿದ್ದರು. ಕಾಯುವ ನೋವು ಗೊತ್ತು ಅಂತ ಆ ಹುಡುಗನಿಗೆ ಹೇಳಿ. ‘ಚೋಟು’ ಅಂತ ಕರೆಯುವುದನ್ನು ಮನೆಯವರು ನಿಲ್ಲಿಸಲಿ.

ಸ್ಕೂಟರ್ ವಿಷಯವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ನಿಮ್ಮ ಯಜಮಾನರಿಗೆ ಮಗಳ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಗೊತ್ತು. ಮುಜುಗರ. ಎಲ್ಲಿ ನೋಡಬೇಕು, ಹೇಗೆ ಮಾತಾಡಬೇಕು ಅಂತ ತಿಳಿಯುತ್ತಿಲ್ಲ. ನಮ್ಮ ಅಪ್ಪಂದಿರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೆ ಮಗಳ ಕಡೆಯಿಂದ ನೋಡಿ. ಹೊಟ್ಟೆನೋವು ಬಂತು, ರಕ್ತ ಬಂತು, ಅವತ್ತಿನಿಂದ ಅಪ್ಪ ದೂರ ಹೋದರು. ಎರಡಕ್ಕೂ ಅವಳು ಗಂಟು ಹಾಕಿಯೇ ಹಾಕುತ್ತಾಳೆ. ಅವರು ಮುಟ್ಟಿನ ಬಗ್ಗೆ ಏನೂ ಮಾತಾಡಬೇಕಿಲ್ಲ, ಭಾಷಣವಂತೂ ಬೇಡವೇ ಬೇಡ. ಸೋಮವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಸ್ಕೂಟರ್ ಆಚೆ ತೆಗೆದು ಎರಡು ಸಲ ಹಾರ್ನ್ ಹೊಡೆದು, ‘ಬಾರೇ, ಲೇಟಾಯ್ತು’ ಅಂದರೆ ಆಯಿತು.